ಎರಡು ಅಮಾವಾಸ್ಯೆ, ಒಂದೇ ಸಹಿ

ನಮ್ಮ ಮನೆಯವರು ತೀರಿಕೊಂಡು ಈಗ ಏಳು ತಿಂಗಳು. ಹನ್ನೊಂದನೆಯ ದಿನದ ಊಟಕ್ಕೆ ಅವರ ಹಳೆಯ ವಿದ್ಯಾರ್ಥಿಗಳು ಬಹಳ ಮಂದಿ ಬಂದಿದ್ದರು. ಎಲ್ಲರಿಗೂ ಈಗ ಅರವತ್ತು ದಾಟಿದೆ. ಪಡಸಾಲೆಯಲ್ಲಿ ಕೂತು ಮಾತಾಡುವಾಗ ಒಬ್ಬರು, "ಸರ್ ಅವರ ಅಮಾಸಿ ಮ್ಯಾಚ್ ನೆನಪೈತೇನ್ರಿ ಅಕ್ಕಾರ?" ಎಂದು ಕೇಳಿದರು. ಉಳಿದವರು ನಕ್ಕರು. ನಾನೂ ನಕ್ಕೆ. ಆ ಮ್ಯಾಚಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಒಂದಿದೆ. ಅವರ ಸರ್‌ಗೂ ಗೊತ್ತಿರಲಿಲ್ಲ. ಅದನ್ನು ಬರೆದಿಡೋಣ ಎಂದು ಕೂತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಅಕ್ಷರ ಚೆನ್ನಾಗಿವೆ, ಅಷ್ಟೇ.

ಹುನಗುಂದದ ಕಾಲೇಜಿನಲ್ಲಿ ಅವರು ಫಿಜಿಕಲ್ ಡೈರೆಕ್ಟರ್ ಆಗಿದ್ದರು. ಊರಿನವರು ಆಟದ ಮಾಸ್ತರ ಎನ್ನುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಕಬಡ್ಡಿ, ಖೋಖೋ, ವಾಲಿಬಾಲ್ ಎಲ್ಲರಿಗೂ ಗೊತ್ತಿದ್ದವು. ಬಾಸ್ಕೆಟ್‌ಬಾಲ್ ಎಂದರೆ ಬುಟ್ಟಿಯಲ್ಲಿ ಚೆಂಡು ಹಾಕುವ ಆಟ ಎಂದು ನಗುವವರೇ ಹೆಚ್ಚು. ಧಾರವಾಡಕ್ಕೆ ತರಬೇತಿಗೆ ಹೋದಾಗ ಇವರಿಗೆ ಆ ಆಟದ ಹುಚ್ಚು ಹಿಡಿಯಿತು. ಅದೇ ಹುಚ್ಚು ಹಿಡಿದ ಇನ್ನೊಬ್ಬನು ಅದೇ ಕೋಣೆಯಲ್ಲಿದ್ದ. ಅವನು ನನ್ನ ಅಣ್ಣ. ತರಬೇತಿ ಮುಗಿದ ಮೇಲೆ ಅಣ್ಣನಿಗೆ ನಮ್ಮ ಊರಾದ ಇಳಕಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಇವರಿಗೆ ಹುನಗುಂದದಲ್ಲಿ. ನಡುವೆ ಅರ್ಧ ತಾಸಿನ ಬಸ್ಸಿನ ದಾರಿ. ಎರಡು ವರ್ಷ ಕಳೆದ ಮೇಲೆ ಅಣ್ಣ ಮನೆಯಲ್ಲಿ ನನ್ನ ಮದುವೆಯ ಮಾತು ತೆಗೆದ.

"ಹುಡುಗ ಹೆಂಗದಾನ?" ಎಂದು ಅವ್ವ ಕೇಳಿದಳು.

"ಚೆಂಡ ಕಸಗೊಂಡ್ರ ಸಿಟ್ಟ ಮಾಡತಾನ. ಉಳದಂಗ ಚಲೋ ಅದಾನ" ಎಂದ ಅಣ್ಣ.

ಮದುವೆಗೆ ಮುಂಚೆ ಇವರೂ ಅಣ್ಣನೂ ಒಬ್ಬರಿಗೊಬ್ಬರು ಲೇ ಎನ್ನುತ್ತಿದ್ದರು. ಮದುವೆಯಾದ ಮೇಲೆ ಮನೆಯಲ್ಲಿ "ಬರ್ರಿ ಬೀಗರ, ಕುಂದರ್ರಿ" ಎಂದು ಶುರುವಾಯಿತು. ಮೈದಾನದಲ್ಲಿ ಸೀಟಿ ಊದಿದ ಕೂಡಲೇ ಮತ್ತೆ ಲೇ.

ಆಗ ಈ ಆಟ ಆಡುತ್ತಿದ್ದ ಸಣ್ಣ ಕಾಲೇಜುಗಳು ನಮ್ಮ ಸುತ್ತ ನಾಲ್ಕು: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಬಾಗಲಕೋಟೆಯವರದು ಮೇಲೆ ವಿದ್ಯಾಗಿರಿಯಲ್ಲಿ ಸಿಮೆಂಟಿನ ಕೋರ್ಟು. ಅವರ ಹುಡುಗರೆಲ್ಲ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು, ಬೇರೆ ಊರಿಗೆ ಬಂದರೆ ನೆಲ ನೋಡಿ ಮೂಗು ಮುರಿಯುತ್ತಿದ್ದರು. ಬಾದಾಮಿಯ ಕೋರ್ಟು ಗುಡ್ಡದ ಬುಡದಲ್ಲಿ, ಕೆಂಪು ಉಸುಕಿನ ನೆಲ. ಅಲ್ಲಿ ಮಂಗ ಬಂದು ಬೋರ್ಡಿನ ಮೇಲೆ ಕೂತರೆ ಅದು ಇಳಿಯುವತನಕ ಆಟ ನಿಲ್ಲುತ್ತಿತ್ತು. ಇಳಕಲ್ಲಿನವರು ಪಾಲಿಶ್ ಮಾಡುವಲ್ಲಿ ಉಳಿದ ಕಲ್ಲಿನ ಹಾಸು ತಂದು ಜೋಡಿಸಿದ್ದರು. ಸಂದಿಯ ಮೇಲೆ ಬಿದ್ದ ಚೆಂಡು ಎತ್ತಲೋ ಹಾರುತ್ತಿತ್ತು. ಯಾವ ಸಂದಿಯಿಂದ ಎತ್ತ ಹಾರುತ್ತದೆ ಎಂಬುದು ಆ ಊರಿನ ಹುಡುಗರಿಗೆ ಬಾಯಿಪಾಠ. ನಮ್ಮ ಹುನಗುಂದದ್ದು ಕರಿ ನೆಲದ ಮೇಲೆ ಗರಸು ಹಾಕಿ ಬಡಿದದ್ದು. ಒಂದು ಮಳೆ ಬಿದ್ದರೆ ಎಂಟು ದಿನ ಚೆಂಡು ಪುಟಿಯುವುದಿಲ್ಲ. ಸೋತವರು ನೆಲ ಬೈಯುತ್ತ ಬಸ್ಸು ಹತ್ತುತ್ತಿದ್ದರು, ಗೆದ್ದವರು ಊಟ ಹೊಗಳುತ್ತ ಹತ್ತುತ್ತಿದ್ದರು. ಹುನಗುಂದದಲ್ಲಿ ಬಂದ ತಂಡದ ಊಟ ನಮ್ಮ ಮನೆಯಲ್ಲಿಯೇ ಆಗುತ್ತಿದ್ದುದರಿಂದ ಯಾರು ಗೆದ್ದರು ಎಂಬುದು ನನಗೆ ಅವರು ಕೈ ತೊಳೆಯುವಾಗಲೇ ತಿಳಿಯುತ್ತಿತ್ತು.

ಪ್ರತಿ ವರ್ಷ ಕಾಲೇಜು ಶುರುವಾದ ಮೇಲೆ ನಾಲ್ವರು ಮಾಸ್ತರರು ಬಾಗಲಕೋಟೆಯ ಬಸ್ ನಿಲ್ದಾಣದ ಹತ್ತಿರದ ಒಂದು ಕ್ಯಾಂಟೀನಿನಲ್ಲಿ ಸೇರುತ್ತಿದ್ದರು. ಪ್ರತಿ ತಂಡವೂ ಉಳಿದ ಮೂವರ ಜೊತೆ ಎರಡೆರಡು ಸಲ ಆಡಬೇಕು, ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಹೆಚ್ಚು ಗೆದ್ದವರಿಗೆ ಕಟ್ಟಿಗೆಯ ಒಂದು ಶೀಲ್ಡು. ಅದು ವರ್ಷವಿಡೀ ಅವರ ಪ್ರಿನ್ಸಿಪಾಲರ ಕೋಣೆಯಲ್ಲಿ ಇರುತ್ತಿತ್ತು. ಕ್ಯಾಂಟೀನಿನಲ್ಲಿ ಯಾವ ತಿಂಗಳು ಯಾರು ಯಾರ ಊರಿಗೆ ಎಂಬುದಷ್ಟೇ ತೀರ್ಮಾನವಾಗುತ್ತಿತ್ತು. ದಿನವನ್ನು ಆಮೇಲೆ ಕಾರ್ಡು ಬರೆದು ಗೊತ್ತುಮಾಡಬೇಕು. ಪರೀಕ್ಷೆ ನೋಡಬೇಕು, ಸಂತೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅದನ್ನು ನೋಡಬೇಕು, ಸುಗ್ಗಿ ನೋಡಬೇಕು. ನಮ್ಮ ತಂಡದಲ್ಲಿ ಅರ್ಧ ಹುಡುಗರು ರಾಮಥಾಳದಂಥ ಹಳ್ಳಿಗಳಿಂದ ಬರುವವರು. ಮನೆಯಲ್ಲಿ ಜೋಳ ಕೊಯ್ಯುವಾಗ ಅವರನ್ನು ಕರೆದರೆ ಅಪ್ಪಂದಿರು ಕುಡಗೋಲು ಹಿಡಿದೇ ಕಾಲೇಜಿಗೆ ಬರುತ್ತಿದ್ದರು.

ಇವರ ಅಕ್ಷರ ಇವರಿಗೇ ಓದಲು ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಇವರು ಬರೆದ ಕಾರ್ಡು ಓದಿ ಬಾದಾಮಿಯ ತಂಡ ಆರು ದಿನ ತಡವಾಗಿ ಬಂದಿತ್ತು. ಅಂದಿನಿಂದ ಕಾರ್ಡುಗಳನ್ನು ನಾನು ಬರೆಯತೊಡಗಿದೆ. ಇವರು ಹೇಳುವುದು, ನಾನು ಬರೆಯುವುದು.

ಇಳಕಲ್ಲಿಗೆ ಬರೆಯುವ ಕಾರ್ಡಿನಲ್ಲಿ ಮಾತ್ರ ತಾರೀಖು ಹಾಕುವ ರೂಢಿ ಇರಲಿಲ್ಲ. ಅಣ್ಣನ ತಂಡದ ಹುಡುಗರಲ್ಲಿ ಹೆಚ್ಚಿನವರು ನೇಕಾರರ ಮನೆಯವರು. ಕಾಲೇಜಿನಿಂದ ಬಂದರೆ ಮಗ್ಗದ ಕೆಳಗಿನ ತಗ್ಗಿಗೆ, ಅಂದರೆ ಕುಣಿಗೆ, ಇಳಿಯುವವರು, ರವಿವಾರವೂ ಬಿಡುವಿಲ್ಲ. ತಿಂಗಳಿಗೆ ಒಂದೇ ದಿನ ಮಗ್ಗ ನಿಲ್ಲುವುದು, ಅದು ಅಮಾವಾಸ್ಯೆ. ಆದ್ದರಿಂದ ಇಳಕಲ್ಲಿನ ಜೊತೆಗಿನ ಆಟವೆಲ್ಲ ಅಮಾವಾಸ್ಯೆಗೇ. "ನಿಮ್ಮ ಅಣ್ಣನ ಟೀಮು ಚಂದ್ರನ್ನ ನೋಡಿ ಬಸ್ ಹತ್ತತೈತಿ" ಎಂದು ಇವರು ನಗುತ್ತಿದ್ದರು. ಆದರೆ ಆ ಹುಡುಗರ ಕೈಚಳಕಕ್ಕೆ ಇವರು ಹೆದರುತ್ತಲೂ ಇದ್ದರು. ದಿನವಿಡೀ ಲಾಳಿ ಎಸೆಯುವ ಕೈ ಅವು.

ಇನ್ನೊಂದು ನಿಯಮವನ್ನು ಹೇಳಿಬಿಡಬೇಕು, ಏಕೆಂದರೆ ಎಲ್ಲ ಆದದ್ದು ಅದರಿಂದಲೇ. ಒಂದು ತಂಡ ಮೈದಾನಕ್ಕೆ ಬರದಿದ್ದರೆ, ಬಂದ ತಂಡ ಒಂದು ತಾಸು ಕಾದು, ರಿಂಗಿನಲ್ಲಿ ಒಂದು ಚೆಂಡು ಹಾಕಿ, ವಾಕ್ ಓವರ್ ಎಂದು ಬರೆದುಕೊಳ್ಳಬಹುದು. ಆದರೆ ಆ ಕಾಗದಕ್ಕೆ ಬಾರದ ಊರಿನವರೇ ಒಬ್ಬರು ಸಹಿ ಮಾಡಬೇಕು. ಹಿಂದೊಮ್ಮೆ ಬಾದಾಮಿಯವರೂ ಬಾಗಲಕೋಟೆಯವರೂ ಬಂದಿದ್ದೆವು, ಬಂದಿರಲಿಲ್ಲ ಎಂದು ಜಗಳಾಡಿದ ಮೇಲೆ ನಾಲ್ವರೂ ಕೂಡಿ ಮಾಡಿಕೊಂಡ ನಿಯಮ ಅದು.

ಆ ವರ್ಷ ನಮ್ಮವರು ವಿದ್ಯಾಗಿರಿಗೆ ಹೋಗಿ, ಆ ಸಿಮೆಂಟಿನ ಮೇಲೆ, ಬಾಗಲಕೋಟೆಯವರನ್ನು ಮೊದಲ ಸಲ ಸೋಲಿಸಿ ಬಂದಿದ್ದರು. ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟು ತಂದು ಓಣಿಗೆಲ್ಲ ಹಂಚಿದರು. ಉಳಿದದ್ದು ಹುನಗುಂದದಲ್ಲಿ ಇಳಕಲ್ಲಿನವರ ಜೊತೆ ಒಂದೇ ಆಟ. ಅದನ್ನು ಗೆದ್ದರೆ ಶೀಲ್ಡು ಮೊದಲ ಸಲ ಹುನಗುಂದಕ್ಕೆ. ಇವರಿಗೆ ಆ ತಿಂಗಳು ಬೇರೆ ಮಾತೇ ಇರಲಿಲ್ಲ.

ಕಾರ್ಡು ಬರೆಯಲು ಕೂತೆವು. "ಛಟ್ಟಿ ಅಮಾಸಿ ದಿನ ಮುಂಜಾನೆ ಹತ್ತಕ್ಕ ಬರಬೇಕು ಅಂತ ಬರಿ" ಎಂದರು. ದೀಪಾವಳಿಯ ಮುಂದಿನ ಅಮಾವಾಸ್ಯೆ ಅದು.

ಗೋಡೆಯ ಕ್ಯಾಲೆಂಡರು ನನ್ನ ಎದುರಿಗೇ ಇತ್ತು. ಆ ಸಲ ಅಮಾವಾಸ್ಯೆ ರವಿವಾರ ಮಧ್ಯಾಹ್ನ ಹತ್ತಿ ಸೋಮವಾರ ಮಧ್ಯಾಹ್ನ ಇಳಿಯುತ್ತಿತ್ತು. ಕ್ಯಾಲೆಂಡರಿನಲ್ಲಿ ಕರಿ ಚಂದ್ರನನ್ನು ಸೋಮವಾರಕ್ಕೆ ಅಚ್ಚು ಹಾಕಿದ್ದರು. ಹುನಗುಂದದಲ್ಲಿ ಎಲ್ಲರೂ ಮಾಡುವುದು ಹಾಗೆಯೇ, ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಅದೇ ದಿನ. ಆದರೆ ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಹಾಗಲ್ಲ. ಅಮಾವಾಸ್ಯೆಯ ಸಂಜೆ ಮಗ್ಗಕ್ಕೆ ವಿಭೂತಿ ಹಚ್ಚಿ ದೀಪ ಇಡುವುದರಿಂದ ಸಂಜೆ ಯಾವತ್ತು ಅಮಾವಾಸ್ಯೆಯೋ ಅವತ್ತು ಮಗ್ಗ ನಿಲ್ಲುತ್ತದೆ. ಅಂದರೆ ರವಿವಾರ. ಆಟದ ಅಮಾವಾಸ್ಯೆ ಹೀಗೆ ಎರಡು ದಿನಕ್ಕೆ ಹಂಚಿಹೋದದ್ದು ಅದೇ ಮೊದಲು, ಇವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲೂ ಮಗ್ಗವಿತ್ತು, ಅಪ್ಪ ಇರುವತನಕ ನಾನೇ ಆ ದೀಪ ಇಡುತ್ತಿದ್ದೆ. ನನಗಿದು ಗೊತ್ತಿತ್ತು.

"ತಾರೀಖು ಹಾಕಲೇನ್ರಿ?" ಎಂದು ಕೇಳಿದೆ.

"ಇಳಕಲ್ಲಿಗೆ ಎಂದರ ತಾರೀಖು ಹಾಕೇವೇನು? ನೀ ಹೇಳಿದ್ದಷ್ಟ ಬರಿ."

ಅದಕ್ಕೂ ಹದಿನೈದು ದಿನ ಮುಂಚೆ, ಎತ್ತರದ ಹುಡುಗನನ್ನು ರಿಂಗಿನ ಹತ್ತಿರ ನಿಲ್ಲಿಸಬಾರದೇಕೆ ಎಂದು ನಾನು ಕೇಳಿದ್ದಕ್ಕೆ, ಹುಡುಗರೆದುರೇ, "ರೊಟ್ಟಿ ನೋಡು ನೀ, ಹೊತ್ತೀತು" ಎಂದಿದ್ದರು. ಹುಡುಗರು ನಕ್ಕಿದ್ದರು. ಅದು ನನ್ನ ಮನಸ್ಸಿನಲ್ಲಿತ್ತು. ಹೇಳಿದ್ದಷ್ಟೇ ಬರೆದೆ. ಇನ್ನೂ ಎಂಟು ದಿನ ಇದೆ, ಶನಿವಾರ ಹೇಳಿದರಾಯಿತು, ಆಗ ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ ಎಂದುಕೊಂಡೆ. ನಾನು ಬಯಸಿದ್ದು ಅಷ್ಟೇ. ಶನಿವಾರ ಸಂಜೆ ಇವರ ಸೋದರತ್ತೆ ಮನೆಗೆ ಬಂದರು, ಮಾತಿನಲ್ಲಿ ಉಳಿದುಹೋಯಿತು. ರವಿವಾರ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಇವರು ಹೊಸ ಚೆಂಡು ತರಲು ಮೊದಲ ಬಸ್ಸಿಗೆ ಬಾಗಲಕೋಟೆಗೆ ಹೋಗಿಬಿಟ್ಟಿದ್ದರು.

ಹತ್ತಕ್ಕೆ ಅಣ್ಣ ಬಾಗಿಲಲ್ಲಿ ನಿಂತಿದ್ದ. ಹಿಂದೆ ಹನ್ನೆರಡು ಹುಡುಗರು.

"ತಂಗೀ, ಎಲ್ಲಿ ನಿನ್ನ ಗಂಡ? ಮೈದಾನದಾಗ ಆಡು ಮೇಯಾಕತ್ತಾವ."

"ಬಾಗಲಕೋಟಿಗೆ ಹೋಗ್ಯಾರ, ಚೆಂಡು ತರಾಕ."

"ಮ್ಯಾಚ್ ಇವತ್ತ ಇಟ್ಟು ಚೆಂಡು ತರಾಕ ಹೋಗ್ಯಾನ?"

"ಅವರು ನಾಳೆ ಅಂತ ತಿಳಕೊಂಡಾರ" ಎಂದೆ.

"ನಾಳೆ ಇವರೆಲ್ಲ ಕುಣಿಯೊಳಗ ಇರ್ತಾರವಾ. ಅಮಾಸಿ ಇವತ್ತ. ಮುಂದಿನ ಅಮಾಸಿ ಎಳ್ಳ ಅಮಾಸಿ, ಅವತ್ತ ನಿಮ್ಮೂರು ಪೂರಾ ಹೊಲದಾಗ ಇರತೈತಿ. ಅದು ದಾಟಿದ್ರ ಪರೀಕ್ಷಾ. ಎಲ್ಲಿ ಆಡೂದು ಇದನ್ನ?"

ಹುಡುಗರು ಹಸಿದಿದ್ದರು. ಚುರುಮುರಿಯ ಸುಸಲಾ ಮಾಡಿ ಕೊಟ್ಟೆ. ಒಂದು ತಾಸು ಕಾದು, ಮೈದಾನಕ್ಕೆ ಹೋಗಿ ಚೆಂಡು ಹಾಕಿ ಬಂದರು. ಹುನಗುಂದದ ತಂಡ ಬರಲಿಲ್ಲ ಎಂಬ ಕಾಗದವನ್ನು ಅಣ್ಣ ಬರೆದುಕೊಂಡಿದ್ದ. ಚಹಾದ ಅಂಗಡಿಯವನು, ಗಿರಣಿಯವನು, ಟಪಾಲಿನವರು, ಯಾರೂ ಸಹಿ ಮಾಡಿರಲಿಲ್ಲ. ಗಿರಣಿಯವನು, "ನಮ್ಮೂರು ಸೋತೈತಿ ಅಂತ ನಾನ ಬರಕೊಡ್ಲೇನ್ರಿ? ನಾಳೆ ಜ್ವಾಳ ಯಾರ ತರ್ತಾರ ನನ್ನ ಕಡೆ?" ಎಂದನಂತೆ.

ಅಣ್ಣ ಕಾಗದವನ್ನು ನನ್ನ ಮುಂದೆ ಇಟ್ಟ. "ನೀ ಈಗ ಹುನಗುಂದದಾಕಿ. ನಾವು ಬಂದದ್ದು ಖರೆ, ಅವರು ಬರಲಾರದ್ದೂ ಖರೆ. ಸುಳ್ಳ ಬರಿ ಅನ್ನಾಕತ್ತಿಲ್ಲ ನಾ."

ಸುಳ್ಳಾಗಿರಲಿಲ್ಲ. ಸಹಿ ಮಾಡಿದೆ.

ಇವರಿಗೆ ಸುದ್ದಿ ಬಸ್ಸು ಇಳಿದಲ್ಲಿಯೇ ಸಿಕ್ಕಿತ್ತು. ಹೊಸ ಚೆಂಡನ್ನು ಚೀಲದಿಂದ ತೆಗೆಯದೆ ಮೂಲೆಯಲ್ಲಿಟ್ಟು, "ಸಹಿ ಯಾರ ಮಾಡಿದ್ರು?" ಎಂದರು. "ನಾ" ಎಂದೆ.

ಸೋಮವಾರ ನಸುಕಿಗೆ ಎದ್ದು ತಾವೇ ಸುಣ್ಣದ ಗೆರೆ ಎಳೆದರು. ಹಳ್ಳಿಯ ಹುಡುಗರು ಹೊತ್ತಿಗೆ ಸರಿಯಾಗಿ ಬಂದರು. ಅವರ ಲೆಕ್ಕದಲ್ಲಿ ಆಟ ಅಂದೇ ಇತ್ತು. ಹನ್ನೊಂದರತನಕ ಕಾದು, ತಮ್ಮ ಹುಡುಗನ ಕೈಯಲ್ಲಿ ಒಂದು ಚೆಂಡು ಹಾಕಿಸಿ, ಇಳಕಲ್ಲಿನ ತಂಡ ಬರಲಿಲ್ಲ ಎಂದು ಇವರೂ ಒಂದು ಕಾಗದ ಬರೆಸಿಕೊಂಡು ಮನೆಗೆ ಬಂದರು. ನಾನು ಒಲೆಯ ಮುಂದಿದ್ದೆ.

"ನೀ ಹುಟ್ಟಿದ್ದು ಎಲ್ಲಿ?"

"ಇದೇನ್ರಿ ಕೇಳೂದು? ಇಳಕಲ್ಲಾಗ."

"ಹಂಗಾರ ಇಲ್ಲಿ ಸಹಿ ಮಾಡು."

ಕೈಗೆ ಹಿಟ್ಟು ಹತ್ತಿತ್ತು. ತೊಳೆದುಕೊಂಡು ಬಂದು ಅದಕ್ಕೂ ಸಹಿ ಮಾಡಿದೆ. ಆಗಲೂ ಹೇಳಬಹುದಿತ್ತು.

ಮುಂದಿನ ವಾರ ಎರಡೂ ಕಾಗದಗಳು ಬಾಗಲಕೋಟೆಯ ಆಟದ ಮಾಸ್ತರರ ಕೈ ಸೇರಿದವು. ಗೆಲುವು ಸೋಲು ಬರೆದಿಡುವ ಕೆಲಸ ಅವರದು. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಎರಡನ್ನೂ ಪಕ್ಕಪಕ್ಕ ಇಟ್ಟರಂತೆ. ಇದನ್ನು ನನಗೆ ಆಮೇಲೆ ಹೇಳಿದವರು ಬಾದಾಮಿಯ ಮಾಸ್ತರರು.

"ಎರಡೂ ಊರು ಬಂದಿಲ್ಲ ಅಂತ ಒಬ್ಬಾಕಿನ ಸಹಿ ಮಾಡ್ಯಾಳ್ರಿಪಾ. ಅಕ್ಷರ ಮಾತ್ರ ಮುತ್ತು ಪೋಣಿಸಿದಂಗ ಅದಾವ. ಇದನ್ನ ಯಾರು ಗೆದ್ರಂತ ಬರಕೊಳ್ಳಲಿ? ಹೊಡದ ಹಾಕ್ತೇನಿ. ನೀವು ಬೀಗರು ಮನಿಯಾಗ ಬಡದಾಡ್ರಿ, ಶೀಲ್ಡು ಇಲ್ಲೇ ಬೆಚ್ಚಗ ಇರ್ಲಿ" ಎಂದು ಬಾಗಲಕೋಟೆಯವರು ನಕ್ಕರಂತೆ.

ಒಂದು ಆಟ ಕಡಿಮೆಯಾಗಿ ಶೀಲ್ಡು ವಿದ್ಯಾಗಿರಿಯಲ್ಲೇ ಉಳಿಯಿತು. ಹುನಗುಂದಕ್ಕೂ ಇಲ್ಲ, ಇಳಕಲ್ಲಿಗೂ ಇಲ್ಲ. ಅಲ್ಲೇ, ಚಹಾದ ಮುಂದೆ, ಇವರೂ ಅಣ್ಣನೂ ಎದ್ದು ನಿಂತರು.

"ತಂಗಿ ಕಡೆ ಸಹಿ ತಗೊಳ್ಳಾಕ ನಾಚಿಕಿ ಬರಲಿಲ್ಲೇನಲೇ?"

"ಹೇಂತಿ ಕಡೆ ತಗೊಂಡಾಂವ ನೀ ಕೇಳ್ತಿ?"

"ಇನ್ ಮ್ಯಾಲೆ ನಿನ್ನ ಟೀಮು ನನ್ನ ಮೈದಾನ ತುಳಿಯೂದ ಬ್ಯಾಡ."

"ನನ್ನ ಹುಡುಗರನ್ನ ಕರೀಲಾರದ ಊರಿಗೆ ನಾನೂ ಬರಂಗಿಲ್ಲ ತಗಿ. ಮನಿಗೂ ಬರಂಗಿಲ್ಲ."

ಆ ಕೊನೆಯ ಮಾತಿನ ಭಾರ ಬಿದ್ದದ್ದು ನನ್ನ ತಲೆಯ ಮೇಲೆ. ನಮ್ಮ ಕಡೆ ಶ್ರಾವಣದ ನಾಗರಪಂಚಮಿಗೆ ತವರಿನಿಂದ ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ಹೋದರೆ ಅದು ಪಂಚಮಿ ಅಲ್ಲ. ಅಪ್ಪ ಇರಲಿಲ್ಲ, ಇದ್ದವನು ಅಣ್ಣ ಒಬ್ಬನೇ. ಅವ್ವನಿಗೆ ಮೊಣಕಾಲು ಹಿಡಿದು ಬಸ್ಸು ಹತ್ತಲು ಆಗುತ್ತಿರಲಿಲ್ಲ. ಆ ಪಂಚಮಿಗೆ ನಾನು ಸೀರೆ ಮಡಚಿಟ್ಟುಕೊಂಡು ಮೂರು ದಿನ ಬಾಗಿಲು ನೋಡಿದೆ. ಅಣ್ಣ ಬರಲಿಲ್ಲ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಡಬ್ಬಿ ಉಂಡಿ ಬಂತು. ಇವರು ಏನೆನ್ನುತ್ತಾರೋ ಎಂದು ಹೆದರಿ ಡಬ್ಬಿಯನ್ನು ಮರೆಯಲ್ಲಿಟ್ಟೆ. ಸಂಜೆ ತಾವೇ ಹುಡುಕಿ ತೆಗೆದು ಎರಡು ಶೇಂಗಾ ಉಂಡಿ ತಿಂದರು. "ಉಂಡಿ ಏನ್ ತಪ್ಪ ಮಾಡ್ಯಾವ?" ಎಂದರು.

"ನೀ ಹೋಗು, ನಾ ಬ್ಯಾಡಂದಿಲ್ಲ" ಎಂದೂ ಹೇಳಿದರು. ಕರೆಯುವವರಿಲ್ಲದೆ ಹೇಗೆ ಹೋಗಲಿ ಎಂದು ನಾನು ಹೇಳಲಿಲ್ಲ. ಅವರಿಗೂ ಗೊತ್ತಿತ್ತು.

ಹಾಗೆ ಮೂರು ಪಂಚಮಿ ಹೋದವು. ಕಾರ್ಡುಗಳನ್ನು ಬರೆಯುತ್ತಲೇ ಇದ್ದೆ, ಬಾದಾಮಿಗೆ, ಬಾಗಲಕೋಟೆಗೆ. ಇಳಕಲ್ಲಿಗೆ ಇಲ್ಲ. ಇವರ ತಂಡ ಆ ವರ್ಷಗಳಲ್ಲಿ ಚೆನ್ನಾಗಿ ಆಡಲಿಲ್ಲ. ಅಮಾವಾಸ್ಯೆ ಬಂದರೆ ಇವರು ಮೈದಾನದ ಕಡೆಗೆ ಹೋಗುತ್ತಿರಲಿಲ್ಲ, ಮನೆಯಲ್ಲಿ ಹಳೆಯ ನೆಟ್ಟುಗಳಿಗೆ ಗಂಟು ಹಾಕುತ್ತ ಕೂಡುತ್ತಿದ್ದರು. ಇವರ ಸಿಟ್ಟು ಇಳಿದಿದೆ, ಇಳಿದದ್ದನ್ನು ಹೇಳಲು ಬರುತ್ತಿಲ್ಲ ಎಂಬುದು ನನಗೆ ಕಾಣುತ್ತಿತ್ತು. ನನಗೂ ಹೇಳಬೇಕಾದದ್ದು ಇತ್ತು, ಹೇಳಲು ಬರುತ್ತಿರಲಿಲ್ಲ. ಮೊದಲ ವಾರ ಹೇಳಿದ್ದರೆ ನಗುತ್ತಿದ್ದರೇನೋ. ಒಂದು ವರ್ಷ ಆದ ಮೇಲೆ ಹೇಳಿದರೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬುದಕ್ಕೂ ಉತ್ತರ ಕೊಡಬೇಕು. ಮೂರು ವರ್ಷಕ್ಕೆ ಅದು ಬಹಳ ದೊಡ್ಡದಾಗಿತ್ತು.

ದಾರಿ ಮಾಡಿಕೊಟ್ಟವರು ಬಾಗಲಕೋಟೆಯವರೇ, ಬೇಕೆಂದು ಮಾಡಿದ್ದಲ್ಲ. ಎಂಬತ್ತರ ದಶಕ ಶುರುವಾಗಿತ್ತು. ಮೂರನೆಯ ಪಂಚಮಿ ಮುಗಿದ ಮೇಲಿನ ಸಭೆಗೆ ಮುಂಚೆ ಅವರೊಂದು ಸುದ್ದಿ ಕಳಿಸಿದರು. ಇನ್ನು ಮೇಲೆ ಎಲ್ಲ ಆಟಗಳೂ ವಿದ್ಯಾಗಿರಿಯಲ್ಲೇ ಆಗಲಿ, ಮಣ್ಣಿನಲ್ಲೂ ಕಲ್ಲಿನಲ್ಲೂ ನಮ್ಮ ಹುಡುಗರ ಕಾಲು ಹಾಳಾಗುತ್ತಿವೆ, ಎಂದು. ಆಗ ಬಾದಾಮಿಯ ಮಾಸ್ತರರು ನಮ್ಮ ಮನೆಗೆ ಬಂದರು. ಮೆತ್ತಗೆ ಮಾತಾಡುವ ಮನುಷ್ಯ.

"ನಾವು ಮೂರು ಊರು ಒಂದಾದ್ರ ಅವರ ಮಾತು ನಡಿಯಂಗಿಲ್ರಿ. ಆದ್ರ ಒಂದಾಗೂದು ಹೆಂಗ? ನೀವಿಬ್ಬರು ಒಬ್ಬರ ಮುಖ ಒಬ್ಬರು ನೋಡಂಗಿಲ್ಲ. ನಾ ಎದ್ದು ನಿಂತು ಎಲ್ಲಾರ ಊರಾಗೂ ಆಡೂಣು ಅಂದ್ರ ಅವರು ಏನಂತಾರ? ಮೊದ್ಲ ಹುನಗುಂದ ಇಳಕಲ್ಲ ಆಡ್ಲಿ ಅಂತಾರ."

"ನಾ ಏನ್ ಮಾಡ್ಲಿ ಈಗ?"

"ಒಂದ ಕಾರ್ಡು. ಅಷ್ಟ."

"ಅಂವನ ಬರೀಲಿ."

"ಅಂವ ಅಲ್ಲೆ ಕುಂತು ಇದನ್ನ ಅಂದ. ನಿನ್ನೆ ಹೋಗಿದ್ದೆ. ಮೈದಾನಕ್ಕ ಬರಬ್ಯಾಡ ಅಂದಾಂವ ಕರೀಬೇಕು ಅಂತಾನ. ನನಗೂ ಹಂಗ ಅನಸ್ತೈತಿ, ಸಿಟ್ಟ ಮಾಡಬ್ಯಾಡ್ರಿ. ನಮ್ಮೂರಾಗ ಮಂಗ್ಯಾಗೋಳೂ ಇಷ್ಟ ದಿನ ಮುನ್ಸಕೊಳ್ಳಂಗಿಲ್ಲ ಬಿಡ್ರಿ."

ನನಗೆ ನಗು ಬಂತು. ಇವರು ನನ್ನ ಕಡೆ ನೋಡಿ ತಾವೂ ನಕ್ಕರು. ಮೂರು ವರ್ಷದಲ್ಲಿ ಆ ವಿಷಯಕ್ಕೆ ಇಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು.

ಅವರು ಹೋದ ಮೇಲೆ ಇವರು ಕಾರ್ಡು ತಂದು ನನ್ನ ಮುಂದಿಟ್ಟರು. ಆಮೇಲೆ, "ದೀಪಾವಳಿ ದಾಟಿ ಮುಂದಿನ ಅಮಾಸಿಗೆ ನಿಮ್ಮೂರಾಗ ಮಗ್ಗ ಯಾವ ದಿನ ನಿಲ್ಲತಾವ?" ಎಂದು ಕೇಳಿದರು.

ಕ್ಯಾಲೆಂಡರು ನೋಡಿ ದಿನ ಹೇಳಿದೆ. ಸಂಜೆಯ ದೀಪದ ವಿಷಯವನ್ನೂ ಹೇಳಿದೆ. ಹೇಳುವಾಗಲೇ ಬಾಯಿ ಜಾರಿತು ಎಂದು ತಿಳಿಯಿತು. ಇವರು ಕ್ಯಾಲೆಂಡರಿನ ಕಡೆ ನೋಡಿ ಕೇಳಿದರು, "ಆ ಸಲಾನೂ ನಿನಗ ಗೊತ್ತಿತ್ತೇನು?"

"ಇಲ್ರಿ" ಎಂದೆ. "ಆಮ್ಯಾಲೆ ಲೆಕ್ಕಾ ಹಾಕಿ ನೋಡಿದೆ."

ನಂಬಿದರು. ಮದುವೆಯಾದಾಗಿನಿಂದ ನಾನು ಅವರಿಗೆ ಹೇಳಿದ ಸುಳ್ಳು ಅದೊಂದೇ ಎಂದು ಹೇಳುವುದಿಲ್ಲ. ಆದರೆ ಉಳಿದವು ಯಾವುವೂ ನೆನಪಿಲ್ಲ.

ಆ ಕಾರ್ಡಿನಲ್ಲಿ ತಾರೀಖು, ವಾರ, ತಿಥಿ ಮೂರನ್ನೂ ಬರೆದೆ. ಅಣ್ಣ ಬಂದ. ಹದಿಮೂರು ಹುಡುಗರ ಜೊತೆ ಬಂದ. ಆಟ ನೋಡಲು ಅರ್ಧ ಹುನಗುಂದ ಸೇರಿತ್ತು, ಇಳಕಲ್ಲಿನಿಂದ ಎರಡು ಟ್ರಕ್ಕು ಮಂದಿ ಬಂದಿದ್ದರು. ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂಗು ಕೇಳುತ್ತಿದ್ದೆ. ಯಾವ ಕೂಗು ಯಾರದೆಂದು ತಿಳಿಯುತ್ತಿರಲಿಲ್ಲ. ಊಟಕ್ಕೆ ಬಂದಾಗ ಹುಡುಗರ ಮುಖ ನೋಡಿದೆ. ಇಳಕಲ್ಲಿನವರು ಎಣ್ಣೆಗಾಯಿ ಹೊಗಳಿದರು. ಎರಡು ಪಾಯಿಂಟಿನಿಂದ ನಮ್ಮವರು ಸೋತಿದ್ದರು. ಸೋತ ದಿನ ಇವರು ಅಷ್ಟು ಉಂಡದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಕಾರ್ಡು ಹೋದ ಮೇಲಿನ ಸಭೆಯಲ್ಲೇ ವಿದ್ಯಾಗಿರಿಯವರ ಮಾತಿಗೆ ಮೂರು ಊರಿನವರೂ ಒಲ್ಲೆ ಎಂದಿದ್ದರು. ಆಟಗಳು ನಾಲ್ಕೂ ಊರಲ್ಲಿ ಉಳಿದವು.

ನಾಲ್ಕನೆಯ ವರ್ಷ ಪಂಚಮಿಗೆ ಅಣ್ಣ ಕರೆಯಲು ಬಂದ. ಬಂದವನು ಇವರ ಜೊತೆ ಆ ವರ್ಷದ ಆಟಗಳ ಮಾತಿಗೆ ಕೂತ. ಬಾದಾಮಿಗೆ ರೈಲಿನಲ್ಲಿ ಹೋಗುವುದೋ ಬಸ್ಸಿನಲ್ಲೋ ಎಂದು ಶುರುವಾಗಿ, ಯಾರ ಕೋರ್ಟು ಕೆಟ್ಟದ್ದು ಎಂಬುದಕ್ಕೆ ಹೋಗಿ, ಧ್ವನಿ ಏರಿ, ಮನೆಯಲ್ಲೇ ಲೇ ಎಂದರು. ಎರಡು ಬಸ್ಸು ಹೋದವು. ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಬೇಸರವಾಗಲಿಲ್ಲ.

ಮೂರನೆಯ ಬಸ್ಸಿನಲ್ಲಿ ಕೂತ ಮೇಲೆ ಅಣ್ಣ ಮೆಲ್ಲಗೆ ಕೇಳಿದ.

"ತಂಗೀ, ನೀ ಮಗ್ಗದ ಮನ್ಯಾಗ ಬೆಳದಾಕಿ. ಆ ಅಮಾಸಿ ರವಿವಾರ ಬರತೈತಿ ಅಂತ ನಿನಗ ತಿಳೀಲಿಲ್ಲೇನು?"

ಅವನಿಗೆ ಸುಳ್ಳು ಹೇಳಲು ಆಗಲಿಲ್ಲ. ತಿಳಿದಿತ್ತು ಎಂದೆ. ರೊಟ್ಟಿ ಹೊತ್ತೀತು ಎಂದದ್ದು, ಶನಿವಾರ ಹೇಳಬೇಕೆಂದಿದ್ದದ್ದು, ಎಲ್ಲವನ್ನೂ ಹೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತ, "ನಾನರ ಒಂದು ಸಲ ಕೇಳಿ ಬರಬೇಕಿತ್ತು. ಗೆಲ್ತೇವಲ್ಲ ಅಂತ ಸಹಿ ತಗೊಂಡೆ" ಎಂದ. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಅವಗ ಹೇಳಿಯೇನು?" ಎಂದ.

"ಇಲ್ಲ. ಕೇಳಿದ್ರು. ಗೊತ್ತಿದ್ದಿಲ್ಲ ಅಂದೆ."

"ಹೇಳು. ಬೈತಾನ, ಒಂದ್ ದಿನ ಉಣ್ಣಂಗಿಲ್ಲ. ಮರುದಿನ ಹುಡುಗರ ಮುಂದ ತಾನ ಹೇಳಿ ನಗತಾನ. ಅಂವನ್ನ ನಾ ನಿನಕಿಂತ ಮೊದಲ ನೋಡೇನಿ."

ಐದು ದಿನ ಅವ್ವನ ಹತ್ತಿರ ಇದ್ದೆ. ಕರೆದುಕೊಂಡು ಹೋಗಲು ಇವರೇ ಬಂದರು, ಹಾಗೆ ಬರುವವರಲ್ಲ. ತಿರುಗಿ ಬರುವಾಗ ಹೇಳಬೇಕೆಂದೇ ಬಸ್ಸು ಹತ್ತಿದೆ. ಇವರು ದಾರಿಯುದ್ದಕ್ಕೂ ಹೊಸದಾಗಿ ಬಂದ ಎತ್ತರದ ಹುಡುಗನ ಬಗ್ಗೆ ಹೇಳುತ್ತಿದ್ದರು. ಅವನನ್ನು ರಿಂಗಿನ ಹತ್ತಿರ ನಿಲ್ಲಿಸಿದರೆ ಹೇಗೆ ಎಂದು ನನ್ನನ್ನು ಕೇಳಿದರು. ನಿಲ್ಲಿಸಿರಿ ಎಂದೆ. ಹುನಗುಂದ ಬಂತು, ಇಳಿದೆವು.

ಅದಾದ ಮೇಲೆ ನಾವು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕೂಡಿ ಬಾಳಿದೆವು. ದವಾಖಾನೆಯಲ್ಲಿ ಕೊನೆಯ ಹದಿನೈದು ದಿನ ಅವರ ಹತ್ತಿರ ನಾನೇ ಇದ್ದೆ, ಮಾತು ಸ್ಪಷ್ಟವಾಗಿತ್ತು, ಕಿವಿಯೂ ಕೇಳುತ್ತಿತ್ತು. ಆಗ ಹೇಳಿದ್ದರೂ ಅಣ್ಣ ಅಂದಂತೆಯೇ ಆಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಬೈಯುತ್ತಿದ್ದರು, ಆಮೇಲೆ ನಗುತ್ತಿದ್ದರು. ನಾನು ಹೇಳಲಿಲ್ಲ.